ವಿಭೂತಿ ಬಣ್ಣದ ದಾಸವಾಳ

ವಿದ್ಯಾರಣ್ಯಪುರಂ, ಮೈಸೂರು
8 ಜನವರಿ 2024, ಸೋಮವಾರ

ಶ್ರೀ ಕರಿಬಸವಯ್ಯನವರಿಗೆ ಶರಣು.

ಸಂಜೆ ಆರು ಗಂಟೆ. ಇವತ್ತು ಬೆಳಿಗ್ಗೆ ನೀರು ಬಂತು, ಸಿಲಿಂಡರ್ ಬಂತು. ಬಸ್ ಡಿಪೋದಿಂದ ಒಬ್ಬರು ಬಂದು ಇವರ ಕಾಗದಪತ್ರಕ್ಕೆ ನನ್ನ ಸಹಿ ಹಾಕಿಸಿಕೊಂಡು ಹೋದರು. ಮಧ್ಯಾಹ್ನ ಊಟವಾದ ಮೇಲೆ ಧೈರ್ಯ ಮಾಡಿ ತಾರಸಿಗೆ ಹತ್ತಿದೆ. ಇವರು ಹೋದ ಮೇಲೆ ನಾನು ಹತ್ತಿದ್ದು ಇದೇ ಮೊದಲು.

ಗಿಡಗಳು ಬಾಡಿಲ್ಲ. ನಾನು ನಂಜನಗೂಡಿನಲ್ಲಿ ತಂಗಿಯ ಮನೆಯಲ್ಲಿದ್ದಷ್ಟು ದಿನವೂ ನೀವು ಗೋಕುಲದಿಂದ ಬಂದು ನೀರು ಹಾಕಿದಿರಿ ಎಂದು ಕೆಳಮನೆಯ ಮಂಜುಶ್ರೀ ಹೇಳಿದಳು. ಬೀಗದ ಕೈ ಅವಳೇ ಕೊಡುತ್ತಿದ್ದಳಂತೆ. ಉಪಕಾರವಾಯಿತು.

ಒಂದು ವಿಷಯ ಕೇಳಬೇಕು. ಫೋನ್ ಮಾಡಿದರೆ ನಿಮಗೆ ಕೇಳಿಸುವುದಿಲ್ಲ, ಮೊಬೈಲಿನಲ್ಲಿ ಬರೆಯುವುದು ನನಗೆ ಬರುವುದಿಲ್ಲ. ನೀವೂ ಇವರೂ ಒಂದೇ ಊರಿನಲ್ಲಿದ್ದುಕೊಂಡು ಇಪ್ಪತ್ತು ವರ್ಷ ಅಂಚೆಯಲ್ಲಿ ಕಾಗದ ಹಾಕಿಕೊಂಡವರು, ಒಳಗೆ ಹೂವಿನ ಪರಾಗದ ಪುಡಿ ಮಡಿಸಿಟ್ಟು. ನಾನು ನಗುತ್ತಿದ್ದೆ. ಈಗ ನನಗೂ ಅದೇ ದಾರಿಯಾಯಿತು.

ಇವರು ತೀರಿಹೋದದ್ದು ನವೆಂಬರ್ ಆರು. ಅವತ್ತು ಬೆಳಿಗ್ಗೆ ಕಾಫಿಗೂ ಮುಂಚೆ ಮೇಲೆ ಹೋಗಿ, ನಮ್ಮ ಕೆನೆ ದಾಸವಾಳದ ಆರು ಹೂವಿಗೆ ನಿಮ್ಮ ನೀಲಿ ದಾಸವಾಳದ ಪುಡಿ ಮುಟ್ಟಿಸಿ ಬಂದರು. ಕೆಳಗಿಳಿದಾಗ ಮೀಸೆಗೆಲ್ಲ ಹಳದಿ. "ಆರು ಹೂವು ಕ್ರಾಸ್ ಮಾಡಿದೀನಿ ಕಣೇ. ಒಂದಾದ್ರೂ ಕಾಯಿ ನಿಂತರೆ ವಿಭೂತಿ ಬಣ್ಣ ಬಂದೇ ಬರ್ತದೆ" ಅಂದರು. "ಬೂದಿ ಬಣ್ಣದ ದಾಸವಾಳ ಯಾರಿಗೆ ಬೇಕು" ಅಂದೆ. "ನೋಡ್ತಿರು" ಅಂದರು. ಒಂಬತ್ತು ಗಂಟೆಗೆ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

ಕ್ರಾಸ್ ಮಾಡಿದ ಪ್ರತಿ ಹೂವಿನ ತೊಟ್ಟಿಗೂ ಇವರು ಟ್ಯಾಗ್ ಕಟ್ಟುತ್ತಿದ್ದರು. ಮೊಸರಿನ ಡಬ್ಬ ಕತ್ತರಿಸಿ ಟ್ಯಾಗ್ ಮಾಡಿಕೊಡುತ್ತಿದ್ದವಳು ನಾನು. ತಾಯಿ ಗಿಡದ ಹೆಸರು ಮೊದಲು, ತಂದೆಯದು ಆಮೇಲೆ, ಪೆನ್ಸಿಲ್ಲಿನಲ್ಲಿ. ಹೂವು ಬಾಡಿ ಉದುರಿದರೂ ಕಾಯಿಯ ಜೊತೆ ಟ್ಯಾಗ್ ಉಳಿಯುತ್ತದೆ. ಎರಡು ತಿಂಗಳಿಗೆ ಕಾಯಿ ಒಣಗಿ ಬಿರಿಯುತ್ತದೆ. ಲೆಕ್ಕ ಹಾಕಿದರೆ ಈಗಲೇ. ಆದರೆ ಕೆನೆ ಗಿಡದಲ್ಲಿ ಒಂದು ಕಾಯಿಯೂ ಇಲ್ಲ, ಒಂದು ಟ್ಯಾಗೂ ಇಲ್ಲ. ಬೇರೆ ಗಿಡಗಳ ಟ್ಯಾಗ್ ಇದ್ದ ಹಾಗೇ ಇವೆ.

ಕೆನೆ ಇವರೇ ಬೀಜದಿಂದ ಎಬ್ಬಿಸಿದ ಗಿಡ. ಯಾರಿಗೂ ಒಂದು ಕಡ್ಡಿ ಕೊಟ್ಟವರಲ್ಲ, ನಿಮಗೂ ಕೊಡಲಿಲ್ಲ. ಆ ಆರು ಹೂವು ಇವರ ಕೈಯಿಂದ ಆದ ಕೊನೆಯ ಕೆಲಸ. ಅದರ ಬೀಜ ನನಗೆ ಬೇಕು. ನೀರು ಹಾಕುವಾಗ ನೀವೇನಾದರೂ ನೋಡಿದಿರಾ?

ಇಂತಿ,
ಸಿದ್ದಲಿಂಗಮ್ಮ


ಗೋಕುಲಂ, ಮೈಸೂರು
16 ಜನವರಿ 2024

ತಂಗಿ ಸಿದ್ದಲಿಂಗಮ್ಮನಿಗೆ ಕರಿಬಸವಯ್ಯನ ಶರಣು.

ನಿಮ್ಮ ಕಾಗದ ಹಬ್ಬದ ದಿನ ಕೈಸೇರಿತು. ಇಷ್ಟು ವರ್ಷ ಅಣ್ಣ ಎನ್ನುತ್ತಿದ್ದವರು ಈಗ 'ಶ್ರೀ' ಹಾಕಿದ್ದೀರಿ. ಇರಲಿ.

ದಾಸವಾಳದ ಕಾಯಿಯ ಹಣೆಬರಹ ನಿಮಗೆ ಗೊತ್ತಿಲ್ಲದ್ದಲ್ಲ. ಹತ್ತು ಹೂವು ಕ್ರಾಸ್ ಮಾಡಿದರೆ ಒಂದು ನಿಲ್ಲುವುದೇ ಕಷ್ಟ. ಆರೂ ಉದುರಿ ಹೋಗಿರಬೇಕು. ಆ ವಾರ ಗಾಳಿಯೂ ಜೋರಿತ್ತು. ನಾನು ಗಮನಿಸಲಿಲ್ಲ.

ಕೆನೆ ಗಿಡದ ಎಲೆಯಡಿ ಬಿಳಿ ಹುಳ ಕಂಡಿತ್ತು. ಬೇವಿನ ಎಣ್ಣೆಗೆ ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಹೊಡೆಯಿರಿ, ಬಿಸಿಲಿನಲ್ಲಿ ಬೇಡ.

ನನ್ನ ಮನೆಯ ಮೇಲಿನ ರೂಮುಗಳಿಗೆ ಈ ಸಲವೂ ಯೋಗ ಕಲಿಯುವ ಬಿಳಿಯರು ಬಂದಿದ್ದಾರೆ. ಕೋಳಿ ಕೂಗುವ ಮುಂಚೆ ದಡದಡ ಮೆಟ್ಟಿಲಿಳಿಯುತ್ತಾರೆ ಎಂದು ಪಕ್ಕದವರ ದೂರು. ಬಸ್ಸಿನಲ್ಲಿ ಮೂವತ್ತು ವರ್ಷ ಸೀಟಿ ಊದಿದ ಪುಣ್ಯ, ನನಗೆ ಆ ತೊಂದರೆಯಿಲ್ಲ.

ಊಟ ಬಿಡಬೇಡಿ.

ಇಂತಿ ನಿಮ್ಮ,
ಕರಿಬಸವಯ್ಯ


ವಿದ್ಯಾರಣ್ಯಪುರಂ
24 ಜನವರಿ 2024

ಶ್ರೀ ಕರಿಬಸವಯ್ಯನವರಿಗೆ,

ಉದುರಿತು ಅಂದಿರಿ, ಗಮನಿಸಲಿಲ್ಲ ಅಂದಿರಿ. ಎರಡರಲ್ಲಿ ಒಂದು ಹೇಳಿ.

ಕಾಯಿ ಉದುರಿದರೆ ಟ್ಯಾಗ್ ನೆಲಕ್ಕೆ ಬೀಳಬೇಕು. ಪ್ಲಾಸ್ಟಿಕ್ ಕೊಳೆಯುವುದಿಲ್ಲ, ಇಲಿ ತಿನ್ನುವುದಿಲ್ಲ. ಎರಡು ದಿನ ತಾರಸಿ ಪೂರ್ತಿ ಗುಡಿಸಿದೆ. ಕುಂಡಗಳನ್ನು ಒಂದೊಂದಾಗಿ ಸರಿಸಿದೆ. ಮಳೆ ನೀರು ಹೋಗುವ ಪೈಪಿನೊಳಗೆ ಕೈ ಹಾಕಿ ತಡಕಿದೆ. ಬಾಟಲಿ ಮುಚ್ಚಳ ಸಿಕ್ಕಿತು, ಮಕ್ಕಳ ಚೆಂಡು ಸಿಕ್ಕಿತು, ಟ್ಯಾಗ್ ಸಿಗಲಿಲ್ಲ.

ನಾನು ಪೈಪಿಗೆ ಕೈ ಹಾಕಿದ್ದನ್ನು ನೋಡಿ ಮಂಜುಶ್ರೀ ಬಂದಳು. ಏನು ಹುಡುಕುತ್ತಿದ್ದೇನೆಂದು ಹೇಳಿದೆ. ಅವಳು "ಆಂಟಿ, ಹೇಳಬೇಕೋ ಬೇಡವೋ ಗೊತ್ತಾಗ್ತಿಲ್ಲ" ಅಂದಳು.

"ಹೇಳು."

"ಅವತ್ತು ಅಂಕಲ್‌ನ ಕೆಳಗೆ ಕೂರಿಸಿದ್ರಲ್ಲ, ಆವಾಗ ಗೋಕುಲದವರು ಮೇಲಿಂದ ಇಳಿದು ಬಂದ್ರು. ಕೈಯಲ್ಲಿ ಕವರ್ ಇತ್ತು. ನನ್ನ ನೋಡಿ ಶರ್ಟಿನೊಳಕ್ಕೆ ಇಟ್ಕೊಂಡ್ಬುಟ್ರು ಕಣಾಂಟಿ."

"ಏನಿತ್ತು ಅದರಲ್ಲಿ?"

"ಅದೆಂಗೆ ಗೊತ್ತಾಗ್ತದೆ ಆಂಟಿ, ನಾನೇನು ಎಕ್ಸ್‌ರೇ ಮಿಷನ್ನಾ?"

ಆ ದಿನ ನೀವು ತಾರಸಿಗೆ ಹತ್ತಿದ್ದನ್ನು ನನಗೆ ಯಾವತ್ತೂ ಹೇಳಲಿಲ್ಲ. ಕಾಗದದಲ್ಲೂ ಬರೆಯಲಿಲ್ಲ. ಸಾವಿನ ಮನೆಯಲ್ಲಿ ನಿಮಗೆ ತಾರಸಿಯ ಮೇಲೆ ಏನು ಕೆಲಸವಿತ್ತು? ಆಮೇಲೆ ಒಂದೂವರೆ ತಿಂಗಳು ಬೀಗದ ಕೈ ನೀವು ಕೇಳಿದಾಗಲೆಲ್ಲ ಸಿಗುತ್ತಿತ್ತು. ನೀರು ಹಾಕಿದ್ದು ಯಾರ ಗಿಡ ಉಳಿಸುವುದಕ್ಕೆ ಎಂದು ಈಗ ಯೋಚನೆ ಬರುತ್ತಿದೆ.

ಹುಳದ ಔಷಧಿ ಹೊಡೆದೆ. ನೀವು ಹೇಳಿದಿರಿ ಎಂದಲ್ಲ, ಇವರೂ ಅದನ್ನೇ ಹೊಡೆಯುತ್ತಿದ್ದರು.

ಸಿದ್ದಲಿಂಗಮ್ಮ


ಗೋಕುಲಂ
5 ಫೆಬ್ರವರಿ 2024

ತಂಗಿ ಸಿದ್ದಲಿಂಗಮ್ಮನಿಗೆ ಶರಣು.

ಮೇಲೆ ಹೋದದ್ದು ನಿಜ. ಕವರ್ ಇದ್ದದ್ದು ನಿಜ. ಶರ್ಟಿನೊಳಗೆ ಇಟ್ಟುಕೊಂಡದ್ದೂ ನಿಜ. ಉದುರಿ ಹೋಗಿರಬೇಕು ಎಂದು ಬರೆದದ್ದು ಸುಳ್ಳು.

ಇದಕ್ಕಿಂತ ಹೆಚ್ಚಿಗೆ ಬರೆಯಲಾರೆ. ನಾಲ್ಕು ಸಲ ಬರೆದು ಹರಿದೆ. ಕಳ್ಳ ಎಂದುಕೊಳ್ಳುವುದಾದರೆ ಅಂದುಕೊಳ್ಳಿ, ಅದನ್ನು ಸಹಿಸಬಹುದು.

ಇಂತಿ,
ಕರಿಬಸವಯ್ಯ


ವಿದ್ಯಾರಣ್ಯಪುರಂ
21 ಏಪ್ರಿಲ್ 2024, ಭಾನುವಾರ

ಕರಿಬಸವಯ್ಯನವರಿಗೆ,

ಮಧ್ಯಾಹ್ನ ಮೂರು ಗಂಟೆ. ತಾರಸಿಯ ಮೇಲೆ ಕಾಲಿಡುವ ಹಾಗಿಲ್ಲ, ಬೆಳಿಗ್ಗೆ ಕುಂಡಗಳನ್ನೆಲ್ಲ ಟ್ಯಾಂಕಿನ ನೆರಳಿಗೆ ಎಳೆದಿಟ್ಟೆ. ಊಟದ ಹೊತ್ತಿಗೆ ಬಿಂದು ಬಂದಳು.

ಬಿಂದು ನನ್ನ ತಂಗಿಯ ಮಗಳು. ನಿಮ್ಮ ಗೋಕುಲದಲ್ಲೇ, ಬಿಳಿಯರು ಬಂದು ಕೂರುವ ಒಂದು ಕೆಫೆಯಲ್ಲಿ ಕೆಲಸಕ್ಕಿದ್ದಾಳೆ. ಮೊನ್ನೆ ಅಲ್ಲಿಗೆ ಬರುವ ಒಬ್ಬ ಹೆಂಗಸಿಗೆ ರೂಮು ತೋರಿಸಲು ಮನೆ ಮನೆ ಸುತ್ತುತ್ತಾ ನಿಮ್ಮ ಮನೆಗೂ ಬಂದಳಂತೆ. ನೀವು ಬಾಗಿಲು ತೆಗೆದು ಮೇಲೆ ಕಳಿಸಿದಿರಿ. ಅವಳು ಯಾರೆಂದು ನಿಮಗೆ ಗೊತ್ತಾಗಲಿಲ್ಲ.

"ದೊಡ್ಡಮ್ಮ, ಅಲ್ಲಿ ಹಸಿರು ಬಲೆ ಕೆಳಗೆ ನಾಲ್ಕು ಪುಟಾಣಿ ಕುಂಡ ಇಟ್ಟವ್ರೆ. ಚೋಟುದ್ದ ಸಸಿ. ಪ್ರತಿಯೊಂದಕ್ಕೂ ದೊಡ್ಡಪ್ಪನ ಹೆಸರು!"

"ನಿನಗೆ ಭ್ರಮೆ."

"ಭ್ರಮೆ ಫೋಟೋದಲ್ಲಿ ಬರ್ತದಾ? ನೋಡಿ."

ನೋಡಿದೆ. ಅವಳು ಬೆರಳಿನಿಂದ ಫೋಟೋ ದೊಡ್ಡದು ಮಾಡಿ ತೋರಿಸಿದಳು. ಟ್ಯಾಗಿನ ಅರ್ಧ ಎಲೆಯ ಮರೆಯಲ್ಲಿತ್ತು. 'ಕೆನೆ' ಎಂಬುದು ಕಾಣುತ್ತಿತ್ತು, ಕೆಳಗೆ 'ಸಿದ್ದಮಲ್ಲಪ್ಪ' ಎಂದು ಪೂರ್ತಿ ಹೆಸರು. ಅಕ್ಷರ ನಿಮ್ಮದು. ನಿಮ್ಮ ಅಕ್ಷರ ನನಗೆ ಇಪ್ಪತ್ತು ವರ್ಷದ ಪರಿಚಯ.

ಕೆನೆಯ ಮಕ್ಕಳು ನಿಮ್ಮ ತಾರಸಿಯಲ್ಲಿ ಹೇಗೆ ಹುಟ್ಟಿದವು? ಜನವರಿಯಲ್ಲಿ ಬೀಜ ಹಾಕಿದ್ದರೆ ಏಪ್ರಿಲಿಗೆ ಚೋಟುದ್ದವೇ ಆಗುತ್ತವೆ. ನನ್ನ ಮನೆಯ ಕಾಯಿ ಬಲಿತದ್ದೂ ಜನವರಿಯಲ್ಲೇ. ನಾನು ಓದಿದ್ದು ಏಳನೇ ಕ್ಲಾಸು. ಇಷ್ಟು ಲೆಕ್ಕಕ್ಕೆ ಅದು ಸಾಕು.

ಇವರ ಹೆಸರು ಬರೆದು ಇವರದನ್ನೇ ಇಟ್ಟುಕೊಳ್ಳುವ ಮನಸ್ಸು ನಿಮಗೆ ಹೇಗೆ ಬಂತು? ನಾಲ್ಕೂ ಕುಂಡ ನನಗೆ ಬೇಕು. ನಿಮ್ಮ ಮನೆಯ ಹೊಸಲಿಗೆ ನಾನು ಬರುವುದಿಲ್ಲ. ಕಳಿಸಿಕೊಡಿ. ಇಲ್ಲವಾದರೆ ಡಿಪೋದ ಹಳಬರು ತಿಂಗಳಿಗೊಮ್ಮೆ ಸೇರುತ್ತಾರಲ್ಲ, ಅಲ್ಲಿಗೆ ಹೋಗಿ ಎಲ್ಲರ ಮುಂದೆ ಕೇಳುತ್ತೇನೆ.

ಸಿದ್ದಲಿಂಗಮ್ಮ


ಗೋಕುಲಂ
2 ಮೇ 2024

ತಂಗಿ ಸಿದ್ದಲಿಂಗಮ್ಮನಿಗೆ ಶರಣು.

ಬಂದ ಹುಡುಗಿ ನಿಮ್ಮ ಕಡೆಯವಳೆಂದು ಗೊತ್ತಿದ್ದರೆ ಕಾಫಿ ಕೊಡುತ್ತಿದ್ದೆ.

ಬರೆಯಬಹುದಾದಷ್ಟು ಬರೆಯುತ್ತೇನೆ. ಅವತ್ತು ನನಗೆ ಸುದ್ದಿ ಮುಟ್ಟಿ ನಿಮ್ಮ ಮನೆಗೆ ಬರುವ ಹೊತ್ತಿಗೆ ಹನ್ನೆರಡು ದಾಟಿತ್ತು. ತಾರಸಿಗೆ ಹತ್ತಿದಾಗ ಆ ಆರು ಹೂವು ಗಿಡದ ಮೇಲಿರಲಿಲ್ಲ. ಟ್ಯಾಗುಗಳು ನೆಲದ ಮೇಲೆ ಬಿದ್ದಿದ್ದವು, ದಾರ ಸಮೇತ. ಮುಂದೊಂದು ದಿನ ನೀವು ಮೇಲೆ ಬಂದು ಅವನ್ನು ನೋಡುತ್ತೀರಲ್ಲ ಎಂದು ಆರಿಸಿ ಕವರಿಗೆ ಹಾಕಿಕೊಂಡೆ.

ಕೆನೆಯ ಇನ್ನೊಂದು ಹೂವು ನೀರಿನ ಟ್ಯಾಂಕಿನ ಹಿಂದಕ್ಕೆ ಬಾಗಿದ ಕೊಂಬೆಯಲ್ಲಿತ್ತು. ಟ್ಯಾಗ್ ಇಲ್ಲದ್ದು, ಪುಡಿ ತುಂಬಿದ್ದು. ಅದನ್ನು ಕಿತ್ತುಕೊಂಡೆ. ಇದು ನನ್ನ ತಪ್ಪು. ಕೇಳದೆ ಕಿತ್ತೆ. ಆ ಹೊತ್ತಿನಲ್ಲಿ ಕೆಳಗೆ ಬಂದು ನಿಮ್ಮನ್ನು ಏನೆಂದು ಕೇಳಲಿ?

ಅದರ ಪುಡಿಯನ್ನು ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟು, ನನ್ನ ನೀಲಿ ಗಿಡದಲ್ಲಿ ದಿನಾ ಅರಳಿದ ಹೂವಿಗೆಲ್ಲ ಮುಟ್ಟಿಸುತ್ತಾ ಬಂದೆ. ಪುಡಿ ಮುಗಿಯುವವರೆಗೆ. ಒಂದೇ ಒಂದು ಕಾಯಿ ನಿಂತಿತು. ಅದರ ಬೀಜದಿಂದ ಬಂದವು ಈ ನಾಲ್ಕು. ಟ್ಯಾಗಿನಲ್ಲಿ ಎಲೆಯ ಮರೆಯಲ್ಲಿದ್ದದ್ದು 'ನೀಲಿ'. ಮಲ್ಲಪ್ಪ ಮಾಡಿದ್ದು ಕೆನೆ ತಾಯಿ, ನೀಲಿ ತಂದೆ. ನನ್ನದು ತಿರುಗುಮುರುಗು: ನೀಲಿ ತಾಯಿ, ಕೆನೆ ತಂದೆ. ಅವನದೇ ಜೋಡಿ, ಅದಕ್ಕೆ ಅವನ ಹೆಸರು ಹಾಕಿದೆ. ಹೂವು ಬಿಟ್ಟು ಬಣ್ಣ ನೋಡಿದ ಮೇಲೆ ನಿಮಗೆ ತಂದುಕೊಡೋಣವೆಂದಿದ್ದೆ.

ಆ ಆರು ಹೂವು ಕಿತ್ತವರು ಯಾರೆಂದು ನನ್ನನ್ನು ಕೇಳಬೇಡಿ. ಕೆಟ್ಟ ಮನಸ್ಸಿನಿಂದ ಕಿತ್ತವರಲ್ಲ.

ಈ ಬಿಸಿಲಿನಲ್ಲಿ ಸಸಿಗಳನ್ನು ಆಟೋದಲ್ಲಿ ಕುಲುಕಿಸಿಕೊಂಡು ತಂದರೆ ಉಳಿಯುವುದಿಲ್ಲ. ಆದರೂ ತರು ಎಂದರೆ ತರುತ್ತೇನೆ.

ಇಂತಿ,
ಕರಿಬಸವಯ್ಯ


ವಿದ್ಯಾರಣ್ಯಪುರಂ
12 ಮೇ 2024

ಕರಿಬಸವಯ್ಯನವರಿಗೆ,

ನಿಮ್ಮ ಕಾಗದ ಮೂರು ಸಲ ಓದಿದೆ. ಒಂದು ಕಡೆ ಸಿಕ್ಕಿಬಿದ್ದಿದ್ದೀರಿ.

ನಿಮ್ಮ ನೀಲಿ ಕಾಯಿ ಕಟ್ಟುವ ಗಿಡವಲ್ಲ. ಕೆಲವು ದಾಸವಾಳ ತಂದೆ ಆಗುತ್ತವೆ, ತಾಯಿ ಆಗುವುದಿಲ್ಲ, ಕರಿಬಸಣ್ಣನ ನೀಲಿ ಆ ಜಾತಿಯದು, ಎಂದು ಇವರು ನೂರು ಸಲ ಹೇಳಿದ್ದಾರೆ. ಅದಕ್ಕೇ ಪ್ರತಿ ವರ್ಷ ನೀಲಿಯ ಪುಡಿ ನಮ್ಮ ಮನೆಗೆ ಬರುತ್ತಿತ್ತೇ ಹೊರತು ನಮ್ಮ ಪುಡಿ ನಿಮ್ಮ ನೀಲಿಗೆ ಹೋಗುತ್ತಿರಲಿಲ್ಲ. ಇಷ್ಟು ವರ್ಷ ಬಂಜೆಯಾಗಿದ್ದ ಗಿಡ ಇವರು ಸತ್ತ ತಿಂಗಳೇ ಬಸುರಾಯಿತು ಎಂದರೆ ನಾನು ನಂಬಬೇಕೇ?

ಹೂವು ಯಾರೋ ಕಿತ್ತರು, ಹೆಸರು ಹೇಳುವುದಿಲ್ಲ, ಅವರು ಒಳ್ಳೆಯವರು. ಇಂಥ ಕಳ್ಳನನ್ನು ನಾನು ಎಲ್ಲೂ ಕೇಳಿಲ್ಲ.

ಸಸಿ ಈಗ ತರಬೇಡಿ. ನಿಮ್ಮ ಮೇಲಿನ ಸಿಟ್ಟಿಗೆ ಅವು ಸಾಯುವುದು ಬೇಡ. ಆದರೆ ಅವು ನನ್ನವು.

ಸಿದ್ದಲಿಂಗಮ್ಮ


ಗೋಕುಲಂ
9 ಆಗಸ್ಟ್ 2024

ತಂಗಿ ಸಿದ್ದಲಿಂಗಮ್ಮನಿಗೆ ಶರಣು.

ಮಳೆ ಬಿಡಲಿಲ್ಲ. ಎರಡು ಸಸಿ ಬುಡ ಕೊಳೆತು ಹೋದವು. ಉಳಿದವು ಎರಡು. ಕುಂಡಗಳನ್ನು ಮೆಟ್ಟಿಲ ಕೆಳಗೆ ಎತ್ತಿಟ್ಟು ಗೋಡೆಯ ಕಡೆಗೆ ಒರಗಿಸಿದ್ದೇನೆ. ಮೇಲಿನ ರೂಮಿನ ಹೆಂಗಸು ದಿನಾ ಹಾದುಹೋಗುವಾಗ ಕೈಮುಗಿಯುತ್ತಾಳೆ, ತುಳಸಿ ಎಂದುಕೊಂಡಿದ್ದಾಳೋ ಏನೋ.

ಸಾಯುವ ಸುದ್ದಿಯನ್ನೂ ನಿಮಗೆ ತಿಳಿಸಬೇಕಾದದ್ದು ನನ್ನ ಕೆಲಸ, ಅದಕ್ಕೆ ಬರೆದೆ. ಉತ್ತರ ಬೇಕೆಂದಲ್ಲ.

ಇಂತಿ,
ಕರಿಬಸವಯ್ಯ


ವಿದ್ಯಾರಣ್ಯಪುರಂ
8 ನವೆಂಬರ್ 2024, ಶುಕ್ರವಾರ

ಕರಿಬಸಣ್ಣನಿಗೆ ಶರಣು.

ಬೆಳಿಗ್ಗೆ ಹತ್ತು ಗಂಟೆ. ಮೊನ್ನೆ ಇವರ ವರ್ಷದ ಸ್ಮರಣೆ ಆಯಿತು. ಜಂಗಮರನ್ನು ಕರೆಸಿ ಪೂಜೆ ಮಾಡಿಸಿದೆವು, ಮೂವತ್ತು ಜನ ಉಂಡರು. ನಿಮ್ಮನ್ನು ಕರೆಯಲಿಲ್ಲ. ಬೇಕೆಂದೇ ಕರೆಯಲಿಲ್ಲ. ನಿನ್ನೆ ಪಾತ್ರೆ ತೊಳೆದು ವಾಪಸ್ ಕಳಿಸಿದೆ. ಇವತ್ತು ಬರೆಯುತ್ತಿದ್ದೇನೆ.

ಮೊದಲು ಒಂದು ಹೇಳಬೇಕು. ದಸರಾದಲ್ಲಿ ಫಲಪುಷ್ಪ ಪ್ರದರ್ಶನಕ್ಕೆ ಹೋಗಿದ್ದೆ. ಹೂವು ನೋಡುವುದಕ್ಕಲ್ಲ. ದಾಸವಾಳದ ಸಾಲಿನಲ್ಲಿ ಒಂದೊಂದೇ ಕುಂಡದ ಮುಂದೆ ಬಗ್ಗಿ ಚೀಟಿ ಓದಿದೆ, ನಿಮ್ಮ ಹೆಸರಿನಲ್ಲಿ ಬೂದಿ ಬಣ್ಣದ ಹೂವೇನಾದರೂ ಇದೆಯೇ ಎಂದು. ಆ ಸಸಿಗಳು ಇಷ್ಟು ಬೇಗ ಹೂ ಬಿಡುವುದಿಲ್ಲವೆಂದು ನನಗೆ ಗೊತ್ತು. ಗೊತ್ತಿದ್ದೂ ಹೋದೆ. ಕಾವಲಿನವನು ಬಂದು "ಏನಮ್ಮಾ, ಪ್ರೈಜ್ ಕೊಡೋರು ನೀವೇನಾ?" ಅಂದ.

ಮೊನ್ನೆ ಊಟವಾದ ಮೇಲೆ ಇವರ ತಮ್ಮ ಶಿವಕುಮಾರ್ ಎಲೆಯಡಿಕೆ ಹಾಕಿಕೊಳ್ಳುತ್ತಾ ಕೂತಿದ್ದ. ಗುಂಡ್ಲುಪೇಟೆಯಿಂದ ಹೆಂಡತಿ ಸಮೇತ ಬಂದಿದ್ದ. "ಕರಿಬಸಣ್ಣ ಕಾಣಲಿಲ್ಲವಲ್ಲ ಅತ್ತಿಗೆ" ಅಂದ. ಒಂದು ವರ್ಷ ಒಳಗಿಟ್ಟುಕೊಂಡಿದ್ದನ್ನು ಅವನ ಮುಂದೆ ಹೇಳಿಬಿಟ್ಟೆ. ನಿಮ್ಮಣ್ಣ ಕೊನೆಯದಾಗಿ ಕ್ರಾಸ್ ಮಾಡಿದ ಹೂವಿನ ಕಾಯಿಯನ್ನು ಅವರೇ ಕದ್ದರು, ಸಸಿ ಮಾಡಿಕೊಂಡಿದ್ದಾರೆ, ಎಂದೆ.

ಅವನ ಕೈ ನಿಂತಿತು. "ಯಾವ ಹೂವು? ಆ ಅಗಲಕ್ಕಿರ್ತದಲ್ಲ, ಕೆನೆ ಬಣ್ಣದ್ದಾ?"

"ಹೂಂ."

"ಅವು ಅಣ್ಣನ ಜೊತೆಗೇ ಹೋದವಲ್ಲ ಅತ್ತಿಗೆ."

"ಏನಂದೆ?"

"ಬಿದಿರಿನ ವಿಮಾನ ಕಟ್ಟಿ ಅಣ್ಣನ್ನ ಕೂರಿಸ್ತಿದ್ವಿ. ನಾನು ದೇವರಾಜ ಮಾರ್ಕೆಟ್ಟಿಂದ ಸೇವಂತಿಗೆ ಹಾರ ತರ್ಸಿದ್ದೆ. ನೀವು ಅದನ್ನ ನೋಡಿ, 'ಕೊಂಡ ಹೂವಿನಲ್ಲಿ ಕಳಿಸ್ತೀಯೇನೋ ನಿಮ್ಮಣ್ಣನ್ನ? ಇಪ್ಪತ್ತು ವರ್ಷ ಬೆಳೆಸವ್ರೆ. ಮೇಲೆ ಹೋಗಿ ಒಂದೂ ಬುಡದೆ ಕಿತ್ಕೊಂಡ್ ಬಾ' ಅಂದ್ರಿ. ನಾನೇ ಕಿತ್ತಿದ್ದು. ದಾರ ಕಟ್ಟಿತ್ತು, ಹರಿದು ಬಿಸಾಕಿದೆ. ನಂಗೇನು ಗೊತ್ತು?"

"ನಾನು ಹಾಗೆ ಅಂದೆನಾ?"

"ನಾಲ್ಕು ಜನದ ಮುಂದೆ ಅಂದ್ರಿ."

ನನಗೆ ನೆನಪಿಲ್ಲ ಕರಿಬಸಣ್ಣ. ಆ ದಿನ ಅವರನ್ನು ಒಳಗಿನಿಂದ ಎತ್ತಿ ತಂದಲ್ಲಿಂದ ರುದ್ರಭೂಮಿಗೆ ಕರೆದೊಯ್ಯುವವರೆಗೆ ನನ್ನ ತಲೆಯಲ್ಲಿ ಫ್ಯಾನು ತಿರುಗುವ ಸದ್ದು ಬಿಟ್ಟರೆ ಬೇರೇನೂ ಉಳಿದಿಲ್ಲ. ನೀವಿಬ್ಬರೂ ಸೇರಿಕೊಂಡಿದ್ದೀರಿ, ಇವನು ನಿಮ್ಮ ಪರವಾಗಿ ಕತೆ ಕಟ್ಟುತ್ತಿದ್ದಾನೆ ಎಂದೇ ಮೊದಲು ಅಂದುಕೊಂಡೆ. ಅವನು ಹೋಗುವುದನ್ನೇ ಕಾದು ಮಂಜುಶ್ರೀಯನ್ನು ಕೇಳಿದೆ.

"ಹೂಂ ಆಂಟಿ, ನೀವೇ ಅಂದ್ರಿ. ಬುಟ್ಟಿ ತುಂಬ ಹೂವು ಇಳಿಸಿದ್ರು."

"ಮತ್ತೆ ಜನವರಿಯಲ್ಲೇ ಯಾಕೆ ಹೇಳಲಿಲ್ಲ?"

"ನೀವು ಕಾಯಿ ಕೇಳಿದ್ರಿ, ಟ್ಯಾಗ್ ಕೇಳಿದ್ರಿ. ಹೂವು ಕೇಳಲಿಲ್ಲ ಆಂಟಿ."

ನಮ್ಮಲ್ಲಿ ಸಾವಿಗೆ ಸೂತಕವಿಲ್ಲ, ಪೂಜೆ ನಿಲ್ಲಿಸುವುದಿಲ್ಲ. ಮನೆಯ ಹೂವು ಇಡುವುದು ತಪ್ಪಲ್ಲ, ಯಾರಾದರೂ ಅದನ್ನೇ ಹೇಳುತ್ತಿದ್ದರು. ಆದರೆ ಬೆಳಿಗ್ಗೆ ಅವರು ಕೈಯಾರೆ ಕಟ್ಟಿ ಬಂದದ್ದನ್ನು ಮಧ್ಯಾಹ್ನದೊಳಗೆ ನಾನೇ ಕೀಳಿಸಿದೆ. ಇದನ್ನು ನೀವು ಮೊದಲ ದಿನದಿಂದ ಬಲ್ಲಿರಿ. ಒಂದು ಸಾಲು ಬರೆದಿದ್ದರೆ ನನ್ನ ಬಾಯಿ ಮುಚ್ಚುತ್ತಿತ್ತು. ಯಾಕೆ ಬರೆಯಲಿಲ್ಲ?

ಸಿದ್ದಲಿಂಗಮ್ಮ


ಗೋಕುಲಂ
16 ನವೆಂಬರ್ 2024

ತಂಗಿ ಸಿದ್ದಲಿಂಗಮ್ಮನಿಗೆ ಶರಣು.

ಹೇಗೆ ಬರೆಯಲಿ? ಒಂದು ಸಾಲು ಬರೆದರೆ ನಾನು ಗೆದ್ದೆ, ನೀವು ಆ ಸಾಲನ್ನು ಹೊತ್ತುಕೊಂಡು ಆ ಮನೆಯಲ್ಲಿ ಒಬ್ಬರೇ ಇರಬೇಕು. ನಂಜನಗೂಡಿಗೆ ಹೋಗುವಾಗ ನಿಮ್ಮ ಮುಖ ನೋಡಿದ್ದೆ. ಅದಕ್ಕಿಂತ ನನ್ನ ಮೇಲೆ ಸಿಟ್ಟಿರುವುದೇ ವಾಸಿ ಎನಿಸಿತು. ಸಿಟ್ಟಿದ್ದವರು ಊಟ ಮಾಡುತ್ತಾರೆ, ತಾರಸಿ ಗುಡಿಸುತ್ತಾರೆ.

ಈಗ ಗೊತ್ತಾಗಿದೆ, ಉಳಿದದ್ದನ್ನೂ ಹೇಳುತ್ತೇನೆ. ನಾನು ಬಂದಾಗ ಮಲ್ಲಪ್ಪನನ್ನು ಕೂರಿಸಿ ಆಗಿತ್ತು. ಹಣೆ ತುಂಬ ವಿಭೂತಿ. ಲಿಂಗ ಹಿಡಿಸಿದ ಎಡಗೈ ಸುತ್ತ, ತೊಡೆಯ ಮೇಲೆ, ಕೆನೆ ಹೂವು. ಹತ್ತಿರ ಹೋಗಿ ಬಗ್ಗಿದೆ. ಹೂವಿನ ನಡುವಿನ ದಂಡಿನಲ್ಲಿ ಪುಡಿಯಿರಲಿಲ್ಲ, ಚಿಮಟದಿಂದ ಚೊಕ್ಕವಾಗಿ ತೆಗೆದಿತ್ತು. ತುದಿಯ ಐದು ಚುಕ್ಕೆಗೆ ಮಾತ್ರ ಹಳದಿ ಅಂಟಿತ್ತು. ಅವನು ಎಷ್ಟು ನಾಜೂಕಾಗಿ ಮುಟ್ಟಿಸುತ್ತಿದ್ದನೆಂದು ನಿಮಗೆ ಗೊತ್ತಲ್ಲ. ಕ್ರಾಸ್ ಮಾಡಿದ ಹೂವೆಂದು ಅಷ್ಟು ಜನರಲ್ಲಿ ನನಗೊಬ್ಬನಿಗೆ ತಿಳಿಯಿತು. ಯಾರು ತಂದರೆಂದು ಶಿವಕುಮಾರನನ್ನು ಕೇಳಿದೆ. ನನ್ನ ಕಿವಿಗೆ ಬಾಯಿಟ್ಟು ಕೂಗಿ ಹೇಳಿದ. ನೀವು ಎರಡು ಮಾರು ದೂರದಲ್ಲಿ ಕೂತಿದ್ದಿರಿ, ತಲೆ ಎತ್ತಲಿಲ್ಲ. ಆಮೇಲೆ ತಾರಸಿಗೆ ಹತ್ತಿದೆ.

ಅವನಿದ್ದಿದ್ದರೆ ಏನನ್ನುತ್ತಿದ್ದ? "ಅಯ್ಯೋ ಬುಡ್ರಯ್ಯಾ, ನಾಳೆ ಇನ್ನಾರು ಮಾಡ್ತೀನಿ" ಎನ್ನುತ್ತಿದ್ದ. ಅವನ ಜೊತೆ ಹೋದದ್ದು ಹಾಳಾಯಿತು ಎಂದು ನನಗೆ ಯಾವತ್ತೂ ಅನ್ನಿಸಿಲ್ಲ.

ನೀಲಿ ಕಾಯಿ ಕಟ್ಟಿದ್ದು ಮಾತ್ರ ನನಗೂ ಅರ್ಥವಾಗಿಲ್ಲ. ನೀವು ನಂಬದೆ ಇದ್ದದ್ದರಲ್ಲಿ ತಪ್ಪಿಲ್ಲ. ಆ ಕಾಯಿ ಬಲಿಯುವವರೆಗೆ ನಾನೂ ನಂಬಿರಲಿಲ್ಲ.

ಇಂತಿ ನಿಮ್ಮ,
ಕರಿಬಸವಯ್ಯ


ಗೋಕುಲಂ
18 ಫೆಬ್ರವರಿ 2025

ತಂಗಿ ಸಿದ್ದಲಿಂಗಮ್ಮನಿಗೆ ಶರಣು.

ನವೆಂಬರಿನಿಂದ ನಿಮ್ಮ ಕಾಗದವಿಲ್ಲ. ನಾನೂ ತೊಂದರೆ ಕೊಡಬಾರದೆಂದು ಸುಮ್ಮನಿದ್ದೆ. ಈಗ ಬರೆಯಲೇಬೇಕು.

ಎರಡರಲ್ಲಿ ದೊಡ್ಡ ಗಿಡ ಮೊಗ್ಗು ಹಿಡಿದಿದೆ. ಮೊದಲ ಮೊಗ್ಗು ಉದುರುವುದು ವಾಡಿಕೆ, ಇದು ನಿಂತಿದೆ. ಹೆಬ್ಬೆರಳಿನ ಗಾತ್ರ ಆಗಿದೆ, ತುದಿ ಇನ್ನೂ ಬಿಚ್ಚಿಲ್ಲ. ನನ್ನ ಲೆಕ್ಕದಲ್ಲಿ ಶನಿವಾರ ತಪ್ಪಿದರೆ ಭಾನುವಾರ ಅರಳುತ್ತದೆ. ಮೊದಲ ಹೂವು ಸಂಜೆಗೇ ಮುದುರಿಕೊಳ್ಳುತ್ತದೆ, ಒಂದು ದಿನದ ಆಟ.

ಬಣ್ಣದ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಕ್ರಾಸ್ ಮಾಡಿದ ಗಿಡಗಳಲ್ಲಿ ನೂರಕ್ಕೆ ತೊಂಬತ್ತು ತಿಪ್ಪೆಗೆ ಹೋಗುತ್ತವೆ. ವಿಭೂತಿ ಬಣ್ಣವೇ ಬರಬಹುದು, ಸುಣ್ಣ ಕಿತ್ತುಹೋದ ಗೋಡೆಯ ಬಣ್ಣವೂ ಬರಬಹುದು.

ನೀವು ನನ್ನ ಮನೆಯ ಹೊಸಲಿಗೆ ಬರುವುದಿಲ್ಲ ಎಂದಿದ್ದಿರಿ. ಅದು ನನಗೆ ನೆನಪಿದೆ. ಕುಂಡ ಎತ್ತಿ ತರೋಣವೆಂದರೆ ಈ ಸ್ಥಿತಿಯಲ್ಲಿ ಅಲುಗಿಸಿದರೆ ಮೊಗ್ಗು ಕಳಚುತ್ತದೆ. ಏನು ಮಾಡಲಿ, ನೀವೇ ಹೇಳಿ.

ಇಂತಿ ನಿಮ್ಮ,
ಕರಿಬಸವಯ್ಯ


ವಿದ್ಯಾರಣ್ಯಪುರಂ
22 ಫೆಬ್ರವರಿ 2025, ಶನಿವಾರ

ಕರಿಬಸಣ್ಣನಿಗೆ ಶರಣು.

ಸಂಜೆ ಐದು ಗಂಟೆ. ಇವತ್ತು ರೇಷನ್ ಅಂಗಡಿಗೆ ಹೋಗಿ ಬಂದೆ, ಅಕ್ಕಿ ಕೇರಿದೆ, ಶಿವರಾತ್ರಿ ಹತ್ತಿರ ಬಂತೆಂದು ದೇವರ ಗೂಡು ತೊಳೆದೆ. ಮೂರು ಗಂಟೆಗೆ ಪೋಸ್ಟಿನವನು ನಿಮ್ಮ ಕಾಗದ ಕೊಟ್ಟ. ಗೋಕುಲದಿಂದ ಇಲ್ಲಿಗೆ ನಾಲ್ಕು ದಿನ. ನಡೆದು ಬಂದಿದ್ದರೂ ಇಷ್ಟು ಹೊತ್ತಾಗುತ್ತಿರಲಿಲ್ಲ.

ಇವತ್ತೇ ಅರಳಿ ಇಷ್ಟು ಹೊತ್ತಿಗೆ ಮುದುರುತ್ತಿದೆಯೋ ಏನೋ. ಬಿಂದುವಿಗೆ ಫೋನ್ ಮಾಡಿದೆ. ಕೆಫೆಯಿಂದ ಓಡಿಹೋಗಿ ನಿಮ್ಮ ಗೇಟಿನ ಹತ್ತಿರ ನಿಂತು ಕೂಗಿದಳಂತೆ, ನಿಮಗೆ ಕೇಳಿಸಲಿಲ್ಲ. ಮೇಲಿನ ರೂಮಿನ ಹೆಂಗಸು ಬಂದು ಒಳಗೆ ಬಿಟ್ಟಳಂತೆ. "ಇನ್ನೂ ಮೊಗ್ಗೇ ದೊಡ್ಡಮ್ಮ, ತುದಿ ಸ್ವಲ್ಪ ಬಿಚ್ಚಿದೆ" ಅಂದಳು. ಏನು ಬಣ್ಣ ಕಾಣ್ತದೆ ಎಂದು ಬಾಯಿಗೆ ಬಂತು. ಕೇಳದೆ ಫೋನ್ ಇಟ್ಟೆ.

ಇಷ್ಟು ದಿನ ನಿಮಗೆ ಯಾಕೆ ಬರೆಯಲಿಲ್ಲವೆಂದರೆ, ಬರೆಯಲು ಕೂತರೆ ನಿಮ್ಮ ಮೇಲೆ ಬರೆದ ಮಾತುಗಳೇ ಎದುರಿಗೆ ಬರುತ್ತಿದ್ದವು. ಮಾಡಿದ ಅನುಮಾನಕ್ಕೆ ಏನು ಹೇಳಬೇಕೋ ನನಗೆ ತಿಳಿಯುವುದಿಲ್ಲ. ಇವರ ಎಡಗೈ ಸುತ್ತ ಹೂವಿತ್ತು ಎಂದು ಬರೆದಿರಲ್ಲ, ಅದನ್ನು ಓದಿದ ದಿನದಿಂದ ಆ ಕೈ ನನಗೆ ಮತ್ತೆ ಕಾಣುತ್ತಿದೆ. ಅಲ್ಲಿಯವರೆಗೆ ಕಾಣುತ್ತಿರಲಿಲ್ಲ.

ಆದರೂ ಒಂದು ಅನುಮಾನ ಉಳಿದಿದೆ, ಹೇಳಿಬಿಡುತ್ತೇನೆ. ಬಣ್ಣ ಚೆನ್ನಾಗಿ ಬರದಿದ್ದರೆ ನೀವು ನನಗೆ ತೋರಿಸದೆ ಅದನ್ನು ಕಿತ್ತು, ಉದುರಿಹೋಯಿತು ಎನ್ನುತ್ತೀರಿ. ನನಗೆ ನೋವಾಗಬಾರದು ಎಂದು. ನಿಮ್ಮನ್ನು ಈಗ ಅಷ್ಟು ಬಲ್ಲೆ.

ಹಾಗೆ ಮಾಡಬೇಡಿ. ಗೋಡೆ ಬಣ್ಣವಾದರೆ ಗೋಡೆ ಬಣ್ಣ. ಆ ಹೂವನ್ನು ಕೀಳಬೇಡಿ. ದೇವರಿಗೆ ಎಂದು ಯಾರಾದರೂ ಕೇಳಿದರೂ, ಇವರ ಸಮಾಧಿಗೆ ಇಡೋಣ ಎಂದರೂ, ನಾನೇ ನಿಮ್ಮೆದುರು ನಿಂತು ಕೀಳಿ ಎಂದರೂ ಕೀಳಬೇಡಿ. ಅದು ಗಿಡದ ಮೇಲೆಯೇ ಅರಳಿ ಗಿಡದ ಮೇಲೆಯೇ ಮುದುರಲಿ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಎದುರಿಗೆ ನಿಂತರೆ ನನಗೆ ಮಾತು ಬರುವುದಿಲ್ಲ, ಬಂದರೂ ನಿಮಗೆ ಕೇಳಿಸುವುದಿಲ್ಲ. ಕೈಯಲ್ಲೇ ತಂದು ಕೊಡುತ್ತೇನೆ, ಓದಿಕೊಳ್ಳಿ.

ನಾಳೆ ಭಾನುವಾರ. ನಮ್ಮ ಸ್ಟಾಪಿಗೆ ಮೊದಲ ಬಸ್ಸು ಆರೂಕಾಲಿಗೆ ಬರುತ್ತದೆ.

ನಿಮ್ಮ ತಂಗಿ,
ಸಿದ್ದಲಿಂಗಮ್ಮ